ಎಂಜಿನ್ನಿಗೆ ಅದರದೇ ಹೊಗೆ

ಎಂಜಿನ್ನಿಗೆ ಶುದ್ಧವಾದ, ತಣ್ಣಗಿನ ಗಾಳಿ ಸಿಗಲೆಂದು ಏರ್ ಫಿಲ್ಟರ್ ಇಡುತ್ತಾರೆ, ಟರ್ಬೊ ಇದ್ದರೆ ಇಂಟರ್‌ಕೂಲರ್ ಕೂಡ. ಇಷ್ಟೆಲ್ಲ ಮಾಡಿ, ಸೈಲೆನ್ಸರ್ ಕಡೆ ಹೊರಟ ಹೊಗೆಯಲ್ಲಿ ಒಂದು ಪಾಲನ್ನು ವಾಪಸ್ ಎಳೆದು ಅದೇ ಗಾಳಿಗೆ ಬೆರೆಸುತ್ತಾರೆ! ಹೆಚ್ಚಿನ ಡೀಸೆಲ್ ಎಂಜಿನ್‌ಗಳಲ್ಲೂ ಹಲವು ಪೆಟ್ರೋಲ್ ಎಂಜಿನ್‌ಗಳಲ್ಲೂ ಈ ಕೆಲಸಕ್ಕೆಂದೇ ಒಂದು ವಾಲ್ವ್ ಇರುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇಜಿಆರ್ (ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಶನ್, ಅಂದರೆ ಹೊಗೆಯನ್ನು ಮತ್ತೆ ಒಳಗೆ ಸುತ್ತಿಸುವುದು).

ಹೀಗೇಕೆ ಮಾಡಬೇಕು? ಇಲ್ಲಿ ತಂಟೆ ಇಂಧನದ್ದಲ್ಲ, ಗಾಳಿಯದು. ಗಾಳಿಯಲ್ಲಿ ಶೇ 78ರಷ್ಟು ಸಾರಜನಕ. ಅದರ ಅಣುವಿನಲ್ಲಿ ಎರಡು ಪರಮಾಣುಗಳನ್ನು ಬಲವಾದ ತ್ರಿಬಂಧ ಹಿಡಿದಿಟ್ಟಿರುವುದರಿಂದ ಸಾಮಾನ್ಯವಾಗಿ ಅದು ಯಾರ ಗೊಡವೆಗೂ ಹೋಗುವುದಿಲ್ಲ. ಆದರೆ ಸಿಲಿಂಡರಿನೊಳಗಿನ ಜ್ವಾಲೆ 2000 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಆ ಬಿಸಿಗೆ ಒಡೆದ ಆಮ್ಲಜನಕದ ಒಂಟಿ ಪರಮಾಣು ಸಾರಜನಕದ ಅಣುವನ್ನು ಸೀಳಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಬಿಡಿಯಾಗಿ ಉಳಿದ ಸಾರಜನಕ ಪರಮಾಣು ಆಮ್ಲಜನಕದ ಅಣುವಿನ ಮೇಲೆ ಬೀಳುತ್ತದೆ. ಇನ್ನೊಂದು ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ, ಜೊತೆಗೆ ಮತ್ತೊಂದು ಒಂಟಿ ಆಮ್ಲಜನಕ. ಸೀಳುವ ಕೆಲಸ ಮತ್ತೆ ಮೊದಲಿನಿಂದ. ಈ ಸರಪಳಿಯನ್ನು ಬಿಡಿಸಿ ತೋರಿಸಿದವರು ಸೋವಿಯತ್ ಭೌತವಿಜ್ಞಾನಿ ಯಾಕೊವ್ ಜೆಲ್ದೊವಿಚ್, 1940ರ ದಶಕದಲ್ಲಿ. ಸುಮಾರು 1500 ಡಿಗ್ರಿಯಿಂದಾಚೆಗೆ ಇದರ ವೇಗ ವಿಪರೀತ ಏರುತ್ತದೆ. ಪಿಸ್ಟನ್ ಕೆಳಗಿಳಿದು ಅನಿಲ ತಟ್ಟನೆ ತಣಿಯುವುದರಿಂದ ಹುಟ್ಟಿದ ನೈಟ್ರಿಕ್ ಆಕ್ಸೈಡಿಗೆ ಮತ್ತೆ ಒಡೆದುಹೋಗಲು ಪುರಸೊತ್ತೂ ಸಿಗುವುದಿಲ್ಲ. ಹೊರಗೆ ಬಂದ ಮೇಲೆ ಅದು ನೈಟ್ರೋಜನ್ ಡೈಆಕ್ಸೈಡ್ ಆಗಿ, ಬಿಸಿಲಿನಲ್ಲಿ ನೆಲಮಟ್ಟದ ಓಝೋನಿಗೂ ಕಾರಣವಾಗುತ್ತದೆ.

ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡ್, ನೀರಾವಿ ಎರಡೂ ಆಗಲೇ ಉರಿದು ಮುಗಿದವು, ಇನ್ನು ಉರಿಯಲಾರವು. ಡೀಸೆಲ್ ಎಂಜಿನ್ನಿನಲ್ಲಿ ಇವು ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತವೆ. ಮೂರು ಪರಮಾಣುಗಳ ಅಣುಗಳಾದ್ದರಿಂದ ಶಾಖವನ್ನೂ ಹೆಚ್ಚು ಹೀರುತ್ತವೆ. ಜ್ವಾಲೆಯ ಗರಿಷ್ಠ ಉಷ್ಣತೆ ಇಳಿಯುತ್ತದೆ, ನೈಟ್ರಿಕ್ ಆಕ್ಸೈಡ್ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಇಳಿಯುತ್ತದೆ. ಬೆರೆಸುವ ಮೊದಲು ಹೊಗೆಯನ್ನು ಕೂಲಂಟ್ ಹರಿಯುವ ಕೂಲರಿನಲ್ಲಿ ತಣಿಸಿದರೆ ಇನ್ನೂ ಒಳ್ಳೆಯದು.

ಪೆಟ್ರೋಲ್ ಎಂಜಿನ್ನಿಗೆ ಇನ್ನೊಂದು ಲಾಭವಿದೆ. ಹೊಗೆ ಸೇರಿದಾಗ ಅಷ್ಟೇ ಶಕ್ತಿಗೆ ಗಾಳಿ ಒಳಬಿಡುವ ಕದವಾದ ಥ್ರಾಟಲನ್ನು ಹೆಚ್ಚು ತೆರೆಯಬೇಕಾಗುತ್ತದೆ, ಗಾಳಿ ಎಳೆದುಕೊಳ್ಳುವ ಶ್ರಮ ಉಳಿಯುತ್ತದೆ. 2009ರಲ್ಲಿ ಬಂದ ಮೂರನೇ ತಲೆಮಾರಿನ ಟೊಯೋಟಾ ಪ್ರಿಯಸ್‌ನಲ್ಲಿ ತಣಿಸಿದ ಹೊಗೆಯನ್ನು ಬಳಸಿದ್ದು ಇಂಧನ ಉಳಿತಾಯಕ್ಕಾಗಿಯೇ.

ಡೀಸೆಲ್‌ನಲ್ಲಿ ಮಾತ್ರ ಇದಕ್ಕೆ ಬೆಲೆ ತೆರಲೇಬೇಕು. ಆಮ್ಲಜನಕ ಕಡಿಮೆಯಾದಂತೆ ಮಸಿ ಹೆಚ್ಚುತ್ತದೆ. ಆ ಮಸಿ ಎಣ್ಣೆಯ ಆವಿಯೊಂದಿಗೆ ಸೇರಿ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಾದ ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗೋಡೆಗೆ ಡಾಂಬರಿನಂತೆ ಮೆತ್ತಿಕೊಳ್ಳುತ್ತದೆ, ವಾಲ್ವ್ ಜಾಮ್ ಆಗುತ್ತದೆ. ಆಗ ಕೆಲವರು ತಗಡಿನ ತುಂಡೊಂದನ್ನಿಟ್ಟು ಹೊಗೆ ವಾಪಸ್ ಬರುವ ದಾರಿಯನ್ನೇ ಮುಚ್ಚಿಸಿಬಿಡುತ್ತಾರೆ. ಗಾಡಿ ಚುರುಕಾಯಿತು ಎಂದು ಅವರಿಗೆ ಅನ್ನಿಸಬಹುದು. ಆದರೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಸರಿಯಾಗಿರುವ ಇಜಿಆರ್ ಸಾಮಾನ್ಯವಾಗಿ ತಾನೇ ಮುಚ್ಚಿಕೊಂಡಿರುತ್ತದೆ, ಹಾಗಾಗಿ ಈ ಚುರುಕಿನ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಕಂಪನಿಗಳೂ ಇದೇ ಆಸೆಗೆ ಬಿದ್ದವು, ತಗಡಿನ ಬದಲು ಸಾಫ್ಟ್‌ವೇರ್ ಬಳಸಿದವು, ಅಷ್ಟೇ. 2022ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದ ಮುಂದಿದ್ದ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಇಜಿಆರ್ ಪೂರ್ತಿ ಕೆಲಸ ಮಾಡುತ್ತಿದ್ದದ್ದು ಹೊರಗಿನ ಉಷ್ಣತೆ 15ರಿಂದ 33 ಡಿಗ್ರಿಯೊಳಗಿದ್ದಾಗ, ಅದೂ 1000 ಮೀಟರಿಗಿಂತ ತಗ್ಗಿನ ಊರುಗಳಲ್ಲಿ ಮಾತ್ರ. ಮಸಿ ಕಟ್ಟದಂತೆ, ಎಂಜಿನ್ ಸವೆಯದಂತೆ ಕಾಪಾಡುವುದು ಇಂಥದ್ದಕ್ಕೆ ಸಬೂಬಾಗದು ಎಂದು ಅದೇ ನ್ಯಾಯಾಲಯ 2020ರಲ್ಲೇ ಹೇಳಿತ್ತು.

ಕೆಲವು ಭಾರೀ ಟ್ರಕ್‌ಗಳಲ್ಲಿ ಇಜಿಆರ್ ಇಲ್ಲವೇ ಇಲ್ಲ. ಅಲ್ಲಿ ಡೀಸೆಲನ್ನು ಬಿಸಿಯಾಗಿಯೇ ಉರಿಸಿ, ಆಮೇಲೆ ಹೊಗೆಗೆ ಯೂರಿಯಾ ದ್ರಾವಣ ಚಿಮುಕಿಸಿ, ಕ್ಯಾಟಲಿಸ್ಟಿನಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನು ಮತ್ತೆ ಸಾರಜನಕವಾಗಿಸುತ್ತಾರೆ. ತೊಡಕೆಂದರೆ ಆ ಕ್ಯಾಟಲಿಸ್ಟ್ ಸುಮಾರು 200 ಡಿಗ್ರಿಗೆ ಕಾಯುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ನಿಂತು ನಿಂತು ಸಾಗುವ ನಗರದ ಓಡಾಟದಲ್ಲಿ ಅದು ಅಷ್ಟು ಕಾಯುವುದೇ ಕಷ್ಟ. ಹಾಗಾಗಿ ಎಷ್ಟೋ ಡೀಸೆಲ್ ಎಂಜಿನ್‌ಗಳಲ್ಲಿ ಈಗ ಎರಡೂ ಇವೆ.