ಸಿನಿಮಾ ಧಾಟಿಗೆ ಯೇಸುವಿನ ಪದ: ಬಳ್ಳಾರಿ ಸೀಮೆಯ ಸಭೆಗಳ ಹಳೇ ತಕರಾರು

ಡಿಸೆಂಬರ್ ಹತ್ತಿರ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಒಂದು ಜಗಳ ಖಾಯಂ. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಯುವಕರು ಹೊಸ ಹಾಡು ತಯಾರು ಮಾಡಿರುತ್ತಾರೆ. ಕೀಬೋರ್ಡಿನವನು ಮೊದಲ ನಾಲ್ಕು ಸ್ವರ ನುಡಿಸುತ್ತಲೇ ಹಿಂದಿನ ಬೆಂಚಿನ ಹುಡುಗರ ಮುಖದಲ್ಲಿ ನಗು. ಆ ವರ್ಷ ಎಲ್ಲ ಮದುವೆ ಮೆರವಣಿಗೆಯಲ್ಲೂ ಮೊಳಗಿದ ತೆಲುಗು ಸಿನಿಮಾದ ಧಾಟಿ ಅದು, ಮಾತು ಮಾತ್ರ ಯೇಸುವಿನದು. ಸಭೆಯ ಹಿರಿಯರೊಬ್ಬರು ಎದ್ದು ‘ಇದು ಬ್ಯಾಡಪ್ಪ’ ಅನ್ನುತ್ತಾರೆ. ಹುಡುಗರು ‘ರಾಗದಾಗ ಏನ್ ಪಾಪ ಐತ್ರೀ?’ ಎಂದು ಕೇಳುತ್ತಾರೆ. ಪಾಸ್ಟರು ನಡುವೆ ಸಿಕ್ಕಿಬೀಳುತ್ತಾರೆ.

ಹಿರಿಯರ ಆ ‘ಬ್ಯಾಡ’ ವಯಸ್ಸಾದವರ ಸಿಡುಕು ಎಂದು ತಳ್ಳಿಹಾಕುವವರೇ ಹೆಚ್ಚು. ಅದರ ಹಿಂದೆ ಶತಮಾನಗಳ ಅನುಭವವಿದೆ, ಈ ಸೀಮೆಯದೇ ಆದ ಒಂದು ನೋವೂ ಇದೆ.

ಜನಪ್ರಿಯ ಸಂಸ್ಕೃತಿಯೆಂದರೆ ಸಂಪ್ರದಾಯಸ್ಥ ಕ್ರೈಸ್ತರಿಗೆ ಮೊದಲಿನಿಂದಲೂ ಅಲರ್ಜಿ ಎಂಬ ಮಾತು ಬಳ್ಳಾರಿಯಲ್ಲಿ ನಿಲ್ಲುವುದಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದದ್ದು 1810ರಲ್ಲಿ. ಅವರೂ ಅವರ ಜೊತೆಗಾರರೂ ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನ ಕಲ್ಲಚ್ಚಿನಲ್ಲಿ ಶುರು ಮಾಡಿದ ‘ಮಂಗಳೂರ ಸಮಾಚಾರ’ ಮರುವರ್ಷ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಅಚ್ಚಾದದ್ದು ಬಳ್ಳಾರಿಯ ಮೊಳೆ ಅಕ್ಷರಗಳಲ್ಲಿ. ಅದರಲ್ಲಿ ಊರ ಸುದ್ದಿ, ಕಥೆ, ಗಾದೆಗಳೂ ಇದ್ದವು. ಇನ್ನು ಬಾಸೆಲ್ ಮಿಷನ್ನಿನ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಜೀವನವನ್ನು ದೇಶೀ ಛಂದಸ್ಸಿನಲ್ಲೇ ಕಟ್ಟಿದರು. ಜನರ ಬಾಯಲ್ಲಿದ್ದ ಲಯ ಅವರಿಗೆ ಬೇಡವಾಗಿರಲಿಲ್ಲ. ಅದನ್ನು ತೆಗೆದುಕೊಳ್ಳುವ ಮುಂಚೆ ಅವರು ವರ್ಷಗಟ್ಟಲೆ ಕಲಿತಿದ್ದರು.

ಅದೇ ಕಾಲದ ಗೀತೆ ಪುಸ್ತಕಗಳಲ್ಲಿ ಎರಡು ಬಗೆಯ ಹಾಡು ಸಿಗುತ್ತವೆ. ಒಂದು, ಇಂಗ್ಲಿಷ್ ಅಥವಾ ಜರ್ಮನ್ ಸ್ವರಕ್ಕೆ ಕೂಡಿಸಿದ ಅನುವಾದ. ಇನ್ನೊಂದು, ನಮ್ಮ ರಾಗ ತಾಳದ ಕೀರ್ತನೆ. ಮೊದಲನೆಯದರಲ್ಲಿ ದೋಷವಿತ್ತು, ಅದನ್ನು ಮುಚ್ಚಿಡುವುದು ಬೇಡ. ಇಂಗ್ಲಿಷ್ ಗೀತೆಗಳ ಸಾಮಾನ್ಯ ಅಳತೆ 8, 6, 8, 6 ಅಕ್ಷರದ ನಾಲ್ಕು ಸಾಲು. ಅಲ್ಲಿ ಮೊದಲ ಅಕ್ಷರ ಹಗುರ, ಎರಡನೆಯದು ಭಾರ. ಕನ್ನಡದಲ್ಲಿ ಒತ್ತು ಬೀಳುವುದು ಪದದ ಮೊದಲಿಗೆ, ಮೇಲಾಗಿ ಲಘು ಗುರುವಿನ ಲೆಕ್ಕ ಬೇರೆ. ‘ನಿನ್ನ ಬಲ’ ಎಂಬ ಎರಡು ಪದವನ್ನು ತೆಗೆದುಕೊಳ್ಳಿ. ‘ಬ’ ಲಘು, ಒಂದು ಮಾತ್ರೆ. ಸ್ವರ ಅಲ್ಲಿ ಎರಡು ಮಾತ್ರೆ ಎಳೆದರೆ ಸಭೆಯ ಬಾಯಲ್ಲಿ ಅದು ‘ನಿನ್ನ ಬಾಲ’ ಆಗುತ್ತದೆ. ‘ಪಾಪಿ’ಯ ಕೊನೆ ಎಳೆದರೆ ‘ಪಾಪೀ!’ ಎಂದು ಬೈದಂತೆ ಕೇಳುತ್ತದೆ. ಮಕ್ಕಳು ಕಿಸಕ್ಕೆಂದರೆ ತಪ್ಪು ಮಕ್ಕಳದಲ್ಲ, ಮಾತ್ರೆ ಎಣಿಸದೆ ಪದ ಕೂಡಿಸಿದವರದು. ಸಿನಿಮಾ ಧಾಟಿಗೆ ಪದ ಕೂಡಿಸುವ ಇಂದಿನ ಹುಡುಗರೂ ಇದೇ ಗುಂಡಿಗೆ ಬೀಳುತ್ತಾರೆ. ಧಾಟಿ ಮೊದಲು, ಮಾತು ಆಮೇಲೆ ಎಂದಾಗ ಎಲ್ಲ ಕಾಲಕ್ಕೂ ಆಗುವುದು ಇದೇ.

ಇನ್ನು ವಾದ್ಯದ ಮಾತು. ಈ ಸೀಮೆಯ ಸಭೆಗಳ ಬಹಳಷ್ಟು ಕುಟುಂಬಗಳು ದಲಿತ ಕೇರಿಗಳಿಂದ ಬಂದವು. ಆ ಕೇರಿಗಳಿಗೆ ಹಲಗೆ, ಅಂದರೆ ತಮಟೆ, ಬಡಿಯುವುದು ಸಂಗೀತವಾಗಿರಲಿಲ್ಲ, ಬಿಟ್ಟಿ ಚಾಕರಿಯಾಗಿತ್ತು. ಸಾವಿಗೆ, ಮಾರಿಜಾತ್ರೆಗೆ, ಕೋಣದ ಬಲಿಗೆ, ಊರಗೌಡರ ಡಂಗುರಕ್ಕೆ ಕರೆದಾಗ ಹೋಗಲೇಬೇಕು. ದೀಕ್ಷಾಸ್ನಾನ ಪಡೆದ ಮೊದಲ ತಲೆಮಾರು ಹಲಗೆಯನ್ನು ಗೂಟಕ್ಕೆ ತೂಗುಹಾಕಿ ಹಾರ್ಮೋನಿಯಂ, ತಬಲಾ, ತಾಳ ಹಿಡಿದದ್ದು ಬಿಳಿಯರ ಅನುಕರಣೆಯಲ್ಲ. ‘ನಾಳೆಯಿಂದ ನಮ್ಮನ್ನು ಹಾಗೆ ಕರೆಯಬೇಡಿ’ ಎಂದು ಊರಿಗೆ ಹೇಳಿದ ಮಾತು ಅದು. ಇವತ್ತು ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ತಮಟೆಯ ಸದ್ದು ಹೊರಬೀಳುತ್ತದೆ. ಮೊಮ್ಮಕ್ಕಳಿಗೆ ಅದು ಬರೀ ಬೀಟ್. ಅಜ್ಜನ ಕಿವಿಗೆ ಬೀಳುವುದೇ ಬೇರೆ. ಹಲಗೆಯನ್ನು ಮರ್ಯಾದೆಯಿಂದ ವಾಪಸು ತರಬೇಕು ಎನ್ನುವವರೂ ನಮ್ಮಲ್ಲಿದ್ದಾರೆ, ಅವರ ವಾದಕ್ಕೆ ತೂಕವಿದೆ. ಆದರೆ ಅದನ್ನು ಅಜ್ಜನನ್ನು ಕೂರಿಸಿಕೊಂಡು ಮಾತಾಡಿ ತರಬೇಕು, ಗುಂಡಿ ಒತ್ತಿ ತರುವುದಲ್ಲ.

ಹುಡುಗರ ಕಡೆಯಿಂದ ತಪ್ಪದೆ ಬರುವ ಒಂದು ಉತ್ತರವಿದೆ: ‘ಮಾರ್ಟಿನ್ ಲೂಥರೇ ಹೆಂಡದಂಗಡಿ ಧಾಟಿಗೆ ಹಾಡು ಕಟ್ಟಿದ್ದ.’ ಲೂಥರ್ ಎಂದರೆ ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನ್ ಸುಧಾರಕ. ಈ ಮಾತನ್ನು ಬಿಡಿಸಿ ನೋಡಬೇಕು. ಎರಡು ಬಾರಿ ಒಂದೇ ಸ್ವರ, ಮೂರನೆಯದಕ್ಕೆ ಬೇರೆ ಸ್ವರ ಬರುವ ಹಳೆಯ ಜರ್ಮನ್ ಹಾಡಿನ ಕಟ್ಟನ್ನು ‘ಬಾರ್’ ಎನ್ನುತ್ತಾರೆ. ಆ ಹೆಸರನ್ನು ಹೆಂಡದ ಬಾರ್ ಎಂದು ತಿಳಿದು ಹಬ್ಬಿದ ಮಾತು ಬಹಳ. ಲೂಥರ್ ತನ್ನ ಒಂದು ಕ್ರಿಸ್‌ಮಸ್ ಹಾಡನ್ನು 1535ರಲ್ಲಿ ಜನರ ಒಗಟಿನ ಹಾಡೊಂದರ ಧಾಟಿಗೆ ಕೂಡಿಸಿದ್ದು ನಿಜ. 1539ರ ಮುದ್ರಣದಲ್ಲಿ ಆ ಧಾಟಿ ತೆಗೆದು ಹೊಸ ಧಾಟಿ ಹಾಕಿದ್ದೂ ಅಷ್ಟೇ ನಿಜ. ಈಗ ಲೋಕವೆಲ್ಲ ಹಾಡುವುದು ಆ ಎರಡನೆಯದನ್ನು. ಹೀಗಾಗಿ ಆ ಉದಾಹರಣೆ ಹಿರಿಯರ ಪರವಾಗಿಯೇ ನಿಲ್ಲುತ್ತದೆ. ಅದೇ ಶತಮಾನದಲ್ಲಿ ಜಿನೀವಾದ ಸುಧಾರಕ ಕಾಲ್ವಿನ್ ಇನ್ನೂ ಬಿಗಿ ಹಿಡಿದ. ವಾದ್ಯವಿಲ್ಲದೆ ಬೈಬಲಿನ ಕೀರ್ತನೆಗಳನ್ನಷ್ಟೇ ಹಾಡಬೇಕು ಎಂದ. ಜಿನೀವಾದ ಕೀರ್ತನೆ ಪುಸ್ತಕ 1562ಕ್ಕೆ ಪೂರ್ತಿಯಾಯಿತು.

ಕ್ಯಾಥೊಲಿಕರಲ್ಲೂ ಇದೇ ತಿಕ್ಕಾಟ. ಯುರೋಪಿನ ಚರ್ಚುಗಳಿಗೆ ಆಪೆರಾ ನಾಟಕದ ಶೈಲಿ ನುಗ್ಗಿದಾಗ ಹತ್ತನೇ ಪಯಸ್ ಪೋಪ್ 1903ರ ನವೆಂಬರ್ 22ರ ಆಜ್ಞೆಯಲ್ಲಿ ರಂಗಭೂಮಿಯ ಗಾನವನ್ನು ತಡೆದರು, ಚರ್ಚಿನೊಳಗೆ ಪಿಯಾನೊ, ಡ್ರಮ್ಮು, ಸದ್ದಿನ ತಾಳಗಳನ್ನೂ ಬೇಡವೆಂದರು. ಕ್ಯಾಥೊಲಿಕ್ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ತಾಯ್ನುಡಿಗೆ ಬಾಗಿಲು ತೆರೆದು, ಆಯಾ ನಾಡಿನ ಸಂಗೀತ ಪರಂಪರೆಗೂ ಗೌರವ ಕೊಟ್ಟಿತು. ಬಳ್ಳಾರಿ, ರಾಯಚೂರು, ಕೊಪ್ಪಳಗಳನ್ನು ಒಳಗೊಂಡ, 1949ರಲ್ಲಿ ಹುಟ್ಟಿದ ಬಳ್ಳಾರಿ ಧರ್ಮಪ್ರಾಂತ್ಯದ ಬಲಿಪೂಜೆಗೂ (ಮಾಸ್ ಆರಾಧನೆಗೂ) ಕನ್ನಡ ಬಂದದ್ದು ಆ ಬಾಗಿಲಿನಿಂದಲೇ. ಅಲ್ಲಿ ಹೇಳಿದ್ದು ಪರಂಪರೆ ಎಂದು. ಹೋದ ಶುಕ್ರವಾರ ತೆರೆಕಂಡ ಸಿನಿಮಾದ ಹಾಡನ್ನು ಪರಂಪರೆ ಅನ್ನಲಾಗದು.

ಸಿನಿಮಾದ ಋಣವನ್ನೂ ಹೇಳಬೇಕು. ಕ್ರಿಸ್ತನ ಜೀವನದ ಮೂಕಿಚಿತ್ರವೊಂದನ್ನು ಮುಂಬಯಿಯಲ್ಲಿ ನೋಡಿಯೇ ಫಾಲ್ಕೆಯವರಿಗೆ ನಮ್ಮ ದೇವರ ಕಥೆಯನ್ನೂ ಹೀಗೆ ತೋರಿಸಬೇಕೆಂಬ ಹಂಬಲ ಹುಟ್ಟಿ 1913ಕ್ಕೆ ‘ರಾಜಾ ಹರಿಶ್ಚಂದ್ರ’ ಬಂತು. 1978ರ ತೆಲುಗು ‘ಕರುಣಾಮಯುಡು’, 1979ರ ‘ಜೀಸಸ್’ ಚಿತ್ರಗಳನ್ನು ಹಳ್ಳಿಗಳಲ್ಲಿ ಪರದೆ ಕಟ್ಟಿ ತೋರಿಸಿದಾಗ ಅಕ್ಷರ ಬಾರದವರಿಗೂ ಶಿಲುಬೆಯ ಕಥೆ ಮುಟ್ಟಿತು. ಆದರೆ ಪರದೆ ಮಡಚಿದ ಮೇಲೂ ನಟನ ಮುಖ ಪ್ರಾರ್ಥಿಸುವವನ ಕಣ್ಣ ಮುಂದೆ ಉಳಿಯುತ್ತದೆ. ಧಾಟಿಯೂ ಹಾಗೆಯೇ, ತಾನು ಹುಟ್ಟಿದ ದೃಶ್ಯವನ್ನು ಹೊತ್ತುಕೊಂಡೇ ಬರುತ್ತದೆ. ಮಾತು ಬದಲಿಸಿದರೂ ಹಿಂದಿನ ಬೆಂಚಿನ ಹುಡುಗನ ತಲೆಯಲ್ಲಿ ಕುಣಿಯುವುದು ನಾಯಕಿಯೇ.

ಇಲ್ಲಿ ತೆಲುಗಿನ ಪಾಲು ಏಕೆ ಇಷ್ಟು? ಬಳ್ಳಾರಿ 1953ರ ಅಕ್ಟೋಬರ್‌ವರೆಗೆ ಮದ್ರಾಸಿನಲ್ಲಿತ್ತು, ರಾಯಚೂರು ಕೊಪ್ಪಳ 1956ರವರೆಗೆ ಹೈದರಾಬಾದಿನಲ್ಲಿ. ಎರಡು ಭಾಷೆ ಒಂದೇ ಮನೆಯಲ್ಲಿ ಉಣ್ಣುವ ಸೀಮೆ ಇದು. ಕ್ಯಾಸೆಟ್ ಕಾಲದಿಂದಲೂ ತೆಲುಗಿನ ಸುವಾರ್ತೆ ಹಾಡು ಗಡಿ ದಾಟಿ ಬರುತ್ತಿವೆ. ಎರಡಕ್ಕೂ ಛಂದಸ್ಸು ಹತ್ತಿರವಾದ್ದರಿಂದ ಅನುವಾದ ಒಂದು ಸಂಜೆಯ ಕೆಲಸ, ಎಡವುವುದೂ ಅಲ್ಲೇ. ತೆಲುಗಿನ ‘ಚಾಲು’ ಎಂದರೆ ಸಾಕು, ನಮ್ಮಲ್ಲಿ ‘ಚಾಲು’ ಎಂದರೆ ಶುರು. ‘ನಿನ್ನ ಕೃಪೆಯೇ ಸಾಕು’ ಎಂದು ಬರಬೇಕಾದ ಕಡೆ ಅಭ್ಯಾಸಬಲದಿಂದ ‘ಚಾಲು’ ಉಳಿದರೆ ಅರ್ಥವೇ ತಿರುಗಿಬೀಳುತ್ತದೆ. ಇದಾದರೂ ಕೂಡಲೇ ಕಣ್ಣಿಗೆ ಬೀಳುತ್ತದೆ. ‘ಪ್ರೇಮ’ದ ತೊಡಕು ಸೂಕ್ಷ್ಮ. ತೆಲುಗಿನಲ್ಲಿ ತಾಯಿಯದೂ ಪ್ರೇಮ, ದೇವರದೂ ಪ್ರೇಮ. ಕನ್ನಡ ಬೈಬಲ್ ‘ದೇವರು ಪ್ರೀತಿಸ್ವರೂಪಿ’ ಎನ್ನುತ್ತದೆ. ಇಂದಿನ ಕನ್ನಡದ ಕಿವಿಗೆ ‘ಪ್ರೇಮ’ ಬಹುತೇಕ ಹುಡುಗ ಹುಡುಗಿಯದೇ. ಮೇಲೆ ಸಿನಿಮಾ ಧಾಟಿಯೂ ಸೇರಿತೆಂದರೆ ಹಾಡಿನಲ್ಲಿ ಕರ್ತನು ಯಾರು, ನಲ್ಲ ಯಾರು ಎಂದು ಗುರುತಿಸುವುದು ಕಷ್ಟ.

ಹಾಡುವ ವಿಚಾರಕ್ಕೆ ಬಂದರೆ ತೊಂದರೆ ಇನ್ನೂ ಲೆಕ್ಕಕ್ಕೆ ಸಿಗುವಂಥದು. ಕಲಿಯದ ಕಂಠಗಳ ಸಭೆ ಆರಾಮಾಗಿ ಮುಟ್ಟುವುದು ಒಂದು ಸಪ್ತಕ, ಮೇಲೊಂದೆರಡು ಸ್ವರ. ಹಿನ್ನೆಲೆ ಗಾಯಕರಿಗೆ ಕಟ್ಟಿದ ಹಾಡು ಒಂದೂವರೆ ಸಪ್ತಕ ಓಡಾಡುತ್ತದೆ. ಚರಣ ಕೈಗೆಟುಕಲಿ ಎಂದು ಕೀಬೋರ್ಡಿನ ಟ್ರಾನ್ಸ್‌ಪೋಸ್ ಒತ್ತಿ ಮೂರು ಮನೆ ಕೆಳಗಿಳಿಸಿದರೆ ಪಲ್ಲವಿ ಗಂಟಲಲ್ಲೇ ಹೂತುಹೋಗುತ್ತದೆ. ಮೇಲೆ ಇಟ್ಟರೆ ಚರಣದಲ್ಲಿ ಹೆಂಗಸರು ಬಾಯಿ ಮುಚ್ಚುತ್ತಾರೆ. ಎರಡರಲ್ಲಿ ಯಾವುದಾದರೂ ಕೊನೆಗೆ ಹಾಡುವವರು ಮೈಕ್ ಹಿಡಿದ ನಾಲ್ವರೇ.

ತಾಳದ್ದು ಇನ್ನೊಂದು ಗೋಳು. ಹಳೆಯ ಕೀರ್ತನೆಗಳಲ್ಲಿ ಎಷ್ಟೋ ಮೂರು ಮತ್ತು ನಾಲ್ಕು ಸೇರಿ ಏಳರ ನಡೆಯವು, ಭಾಮಿನಿ ಷಟ್ಪದಿಯ ಅದೇ ನಡೆ. ಕೀಬೋರ್ಡಿನಲ್ಲಿ ಸಿದ್ಧವಾಗಿ ಬರುವ ತಾಳಗಳು ಹೆಚ್ಚಾಗಿ ನಾಲ್ಕರವು. ನುಡಿಸುವವನು ಏಳನ್ನು ಎಂಟಕ್ಕೆ ಹಿಗ್ಗಿಸುತ್ತಾನೆ. ಪ್ರತಿ ಸುತ್ತಿಗೊಂದು ಖಾಲಿ ಮಾತ್ರೆ ಉಳಿದು, ಅಲ್ಲಿ ಅರ್ಧ ಸಭೆ ಮುಂದೆ ಹೋಗುತ್ತದೆ, ಅರ್ಧ ನಿಲ್ಲುತ್ತದೆ. ಆಗ ‘ಹಳೇ ಹಾಡು ಸೊಗಸಿಲ್ಲ’ ಎಂಬ ತೀರ್ಪು! ತಾಳದ ಗುಂಡಿ ಬಂದ್ ಮಾಡಿ ಕೈತಾಳದಲ್ಲಿ ಹಾಡಿದರೆ ಅದೇ ಹಾಡು ನೆಟ್ಟಗೆ ನಡೆಯುತ್ತದೆ. ವೇಗವೂ ಅಷ್ಟೇ. ನಿಮಿಷಕ್ಕೆ 120 ದಾಟಿದ ಬೀಟ್ ತಗಡಿನ ಮಾಡಿನ ಕೆಳಗೆ ಮಾರ್ದನಿಯಾಗಿ ಮಾತನ್ನು ಕಲಸಿಬಿಡುತ್ತದೆ, 70ರಿಂದ 90ರೊಳಗೆ ಅಕ್ಷರ ಸ್ಪಷ್ಟ ಕೇಳುತ್ತದೆ. ಪಕ್ಕದವರ ದನಿ ಕೇಳದಷ್ಟು ಸ್ಪೀಕರ್ ಏರಿಸಿದರೆ ಜನ ತಾವಾಗಿ ಹಾಡು ನಿಲ್ಲಿಸುತ್ತಾರೆ. ಒಬ್ಬರಿಗೊಬ್ಬರು ಹಾಡಿ ಬುದ್ಧಿಹೇಳಿಕೊಳ್ಳಿರಿ ಎಂದು ಅಪೊಸ್ತಲ ಪೌಲನು ಬೈಬಲಿನ ಪತ್ರದಲ್ಲಿ ಕೊಲೊಸ್ಸೆ ಊರಿನ ಸಭೆಯವರಿಗೆ ಬರೆದದ್ದು. ಪಕ್ಕದವರು ಕೇಳದಿದ್ದರೆ ಯಾರಿಗೆ ಯಾರು ಹೇಳಿದಂತಾಯಿತು?

2016ರಲ್ಲಿ ಅಗ್ಗದ ಡೇಟಾ, 2020ರ ಲಾಕ್‌ಡೌನಿನಲ್ಲಿ ಮೊಬೈಲಿನ ಈಸ್ಟರ್, ಆಮೇಲೆ ರೀಲ್ಸ್. ಹಾಡು ಮೂವತ್ತು ಸೆಕೆಂಡಿಗೆ ಇಳಿಯಿತು. ಇದರಿಂದಾದ ನಷ್ಟವನ್ನು ಹೆಚ್ಚಿನವರು ಗಮನಿಸಿಲ್ಲ. ನಮ್ಮ ಕೀರ್ತನೆಯ ಕಟ್ಟಿನಲ್ಲಿ ಪಲ್ಲವಿ ಬರೀ ಕರೆ, ಉಪದೇಶವಿರುವುದು ಚರಣಗಳಲ್ಲಿ: ಜನನ, ಶಿಲುಬೆ, ಪುನರುತ್ಥಾನ, ಎರಡನೇ ಬರೋಣ, ಹೀಗೆ ಒಂದರ ಮೇಲೊಂದು. ಸ್ಟೇಟಸ್ಸು ಪಲ್ಲವಿಗೇ ಮುಗಿಯುತ್ತದೆ. ಚರಣ ಬಿಟ್ಟು ಬೆಳೆದ ಮಗು ಹಾಡಿನಿಂದ ನಂಬಿಕೆಯನ್ನು ಕಲಿಯುವುದು ಹೇಗೆ?

ಕಾನೂನಿನ ಸಂಗತಿಯೂ ಒಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ನಿಜವಾದ ಧಾರ್ಮಿಕ ಆಚರಣೆಯೊಳಗೆ ಹಾಡು ಹಾಡುವುದಕ್ಕೆ ವಿನಾಯಿತಿ ಕೊಡುತ್ತದೆ. ಅದೇ ಧಾಟಿಗೆ ಪದ ಬದಲಿಸಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವುದು ಆಚರಣೆಯಲ್ಲ. ಹಕ್ಕುದಾರರು ವಿಡಿಯೊ ತೆಗೆಸಬಹುದು, ಮೊಕದ್ದಮೆಯನ್ನೂ ಹೂಡಬಹುದು. ಕೇಳದೆ ತೆಗೆದುಕೊಂಡ ಧಾಟಿಯಲ್ಲಿ ದೇವರನ್ನು ಸ್ತುತಿಸುವುದು ಕಾನೂನಿಗಿಂತ ಮೊದಲು ಮನಸ್ಸಾಕ್ಷಿಗೆ ಚುಚ್ಚಬೇಕು.

ಹೊಸ ಹಾಡು ಬರಲಿ, ಬರಬೇಕು. ಬರುವ ಮುಂಚೆ ಪದಗಳನ್ನು ಕಾಗದದ ಮೇಲೆ ಬರೆದು, ರಾಗವಿಲ್ಲದೆ ಜೋರಾಗಿ ಓದಿಸಿ. ಯೇಸುವಿನ ಹೆಸರನ್ನು ಬೆರಳಿನಿಂದ ಮುಚ್ಚಿ ನೋಡಿ. ಉಳಿದದ್ದು ಪ್ರಿಯತಮೆಗೂ ಹೊಂದುವುದಾದರೆ ಪದ ಇನ್ನೂ ಬೆಂದಿಲ್ಲ. ಪ್ರತಿ ಚರಣದ ಪಕ್ಕ ಬೈಬಲ್ ವಾಕ್ಯದ ಅಧ್ಯಾಯ, ವಚನ ಬರೆಸಿ. ಬರೆಯಲಾಗದ ಚರಣವನ್ನು ತಿದ್ದಿ. ಮಾತ್ರೆ ಎಣಿಸಿ, ಲಘು ಇದ್ದಲ್ಲಿ ಸ್ವರ ಎಳೆಯದಂತೆ ಪದ ಜರುಗಿಸಿ. ಆಮೇಲೆ ಮೂರು ಭಾನುವಾರ ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ ವಾದ್ಯವಿಲ್ಲದೆ ಕಲಿಸಿ, ದೊಡ್ಡ ಅಕ್ಷರದ ಹಾಳೆ ಅಜ್ಜಿಯರ ಕೈಗೆ ಮೊದಲು ಸಿಗಲಿ. ನಾಲ್ಕನೇ ವಾರ ಕೀಬೋರ್ಡ್ ಬರಲಿ, ಬರೀ ಶ್ರುತಿಗೆ.

ಸದ್ದಿನ ಬಗ್ಗೆ ಸುಪ್ರೀಂ ಕೋರ್ಟು 2000ದ ಆಗಸ್ಟಿನಲ್ಲೇ ಮಾತು ಮುಗಿಸಿದೆ. ಚೆನ್ನೈನ ಒಂದು ಚರ್ಚಿನ ಡ್ರಮ್ಮು, ಸ್ಪೀಕರಿನ ಮೊಕದ್ದಮೆಯಲ್ಲಿ, ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಿ ಎಂದು ಯಾವ ಧರ್ಮವೂ ಹೇಳುವುದಿಲ್ಲ ಎಂದಿತು. ಅದೇ ವರ್ಷದ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕವಿಲ್ಲ, ಆಮೇಲಿನ ತಿದ್ದುಪಡಿಯಂತೆ ವಾದ್ಯವೂ ಇಲ್ಲ. ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸಬಹುದು, ಅಷ್ಟೇ. ಕ್ರಿಸ್‌ಮಸ್ ಹಾಡಿನ ಮೆರವಣಿಗೆ ಓಣಿ ಓಣಿ ಸುತ್ತುವುದು ಸರಿಯಾಗಿ ಆ ಹೊತ್ತಿನಲ್ಲೇ. ಹತ್ತಕ್ಕೆ ಮೈಕ್, ವಾದ್ಯ ಎರಡೂ ಬಂದ್ ಮಾಡಿದ ಮೇಲೆ ಉಳಿಯುವುದು ನಡೆದು ದಣಿದ ಇಪ್ಪತ್ತು ಜನರ ಕೊರಳಷ್ಟೇ. ಅಷ್ಟರಲ್ಲಿ ನಿಲ್ಲುವ ಹಾಡು ಯಾವುವು ಎಂದು ನವೆಂಬರಿನಲ್ಲೇ ಹಾಡಿ ನೋಡಿ ಪಟ್ಟಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು.