ದರ ಅದೇ, ತೂಕವೂ ಅದೇ, ದುಡ್ಡು ಯಾಕೆ ಕಡಿಮೆ?

ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರು ಎರಡು ವರ್ಷದ ಮಾರಾಟದ ಪಟ್ಟಿಗಳನ್ನು ನನ್ನ ಮೇಜಿನ ಮೇಲೆ ಹರಡಿದರು. "ರಾಶಿ, ಬೆಟ್ಟೆ, ಗೊರಬಲು ಮೂರೂ ಬಗೆಯ ಅಡಿಕೆಗೆ ಹೋದ ವರ್ಷದ ದರವೇ ಸಿಕ್ಕಿದೆ. ಅಡಿಕೆಯೂ ಅಷ್ಟೇ, 10 ಕ್ವಿಂಟಲ್. ದುಡ್ಡು ಮಾತ್ರ 54 ಸಾವಿರ ಕಡಿಮೆ. ಮಂಡಿಯವರು ಎಲ್ಲೋ ತಪ್ಪು ಮಾಡಿದ್ದಾರೆ, ಸ್ವಲ್ಪ ನೋಡಿ" ಅಂದರು.

ಮಂಡಿಯವರ ತಪ್ಪು ಏನೂ ಇರಲಿಲ್ಲ. ಲೆಕ್ಕ ಸುಲಭವಾಗಲಿ ಅಂತ ಬಿಡಿ ಅಂಕಿಗಳನ್ನು ಕೈಬಿಟ್ಟು ಹೇಳುತ್ತೇನೆ. ಕ್ವಿಂಟಲ್‌ಗೆ ರಾಶಿ 48,000, ಬೆಟ್ಟೆ 54,000, ಗೊರಬಲು 30,000 ರೂಪಾಯಿ. ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ 44,000. ಎರಡೂ ವರ್ಷ ಇದೇ ಸರಾಸರಿ. ಅವರು ಮನೆಯಲ್ಲಿ ಮಾಡಿದ ಲೆಕ್ಕವೂ ಇದೇ.

ಈಗ ಯಾವುದು ಎಷ್ಟು ಮಾರಿದರು ಅಂತ ನೋಡೋಣ. ಹೋದ ವರ್ಷ ರಾಶಿ 8 ಕ್ವಿಂಟಲ್, ಬೆಟ್ಟೆ 1, ಗೊರಬಲು 1. ಒಟ್ಟು 4,68,000 ರೂಪಾಯಿ. ಅಂದರೆ ಕ್ವಿಂಟಲ್‌ಗೆ 46,800 ಬಿತ್ತು. ಈ ವರ್ಷ ರಾಶಿ 5, ಬೆಟ್ಟೆ 1, ಗೊರಬಲು 4. ಒಟ್ಟು 4,14,000. ಕ್ವಿಂಟಲ್‌ಗೆ 41,400. ಮೂರು ಕ್ವಿಂಟಲ್ ರಾಶಿಯ ಜಾಗಕ್ಕೆ ಗೊರಬಲು ಬಂದು ಕೂತಿದೆ. ಪ್ರತಿ ಕ್ವಿಂಟಲ್‌ಗೆ 18,000 ನಷ್ಟ, ಮೂರಕ್ಕೆ 54,000. ಲೆಕ್ಕ ಸರಿಯಾಗಿ ಕೂತಿತು.

"ಈ ಸಲ ಕೊಯ್ಲು ತಡವಾಯಿತಾ?" ಅಂತ ಕೇಳಿದೆ. ಆಗಿತ್ತು. ಸಮಯಕ್ಕೆ ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವರು, ಸಿಗಲಿಲ್ಲ, ಕಾಯಿ ಬಲಿತುಬಿಟ್ಟಿತು. ಬಲಿತ ಕಾಯಿಯಿಂದ ರಾಶಿ ಆಗುವುದಿಲ್ಲ, ಗೊರಬಲು ಆಗುತ್ತದೆ. ದರ ನೋಡಿಕೊಂಡು ಕೂತವರಿಗೆ ಇದು ಕಾಣಿಸುವುದೇ ಇಲ್ಲ. ತೂಕ ಸೇರಿಸಿ ಲೆಕ್ಕ ಹಾಕಿದರೆ ಮಾತ್ರ ತೋಟದಲ್ಲಿ ಆದದ್ದು ಪಟ್ಟಿಯಲ್ಲಿ ಕಾಣುತ್ತದೆ.

ತೂಕದ ಸರಾಸರಿ ಅಂದರೆ ಇಷ್ಟೇ. ಪ್ರತಿ ದರವನ್ನು ಅದರ ತೂಕದಿಂದ ಗುಣಿಸಿ, ಬಂದದ್ದನ್ನೆಲ್ಲ ಕೂಡಿ, ಒಟ್ಟು ತೂಕದಿಂದ ಭಾಗಿಸಿ. ಜಾಸ್ತಿ ಜನ ತಪ್ಪುವುದು ಕೊನೆಯ ಹೆಜ್ಜೆಯಲ್ಲಿ. ಗುಣಿಸುವುದನ್ನೆಲ್ಲ ಸರಿಯಾಗಿ ಮಾಡಿ, 10ರಿಂದ ಭಾಗಿಸುವ ಬದಲು 3ರಿಂದ ಭಾಗಿಸುತ್ತಾರೆ.

ಅಡಿಕೆಯಲ್ಲಿ ತೂಕ ಅಂದರೆ ನಿಜವಾದ ತೂಕ, ತಕ್ಕಡಿಯದ್ದು. ಬೇರೆ ಕಡೆ ಅದು ಬೇರೆ ರೂಪದಲ್ಲಿರುತ್ತದೆ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಪ್ರತಿ ವಿಷಯಕ್ಕೆ ನಿಗದಿಯಾದ ಕ್ರೆಡಿಟ್ಟೇ ತೂಕ. 4 ಕ್ರೆಡಿಟ್‌ನ ವಿಷಯದಲ್ಲಿ ಗ್ರೇಡ್ ಪಾಯಿಂಟ್ 6, 1 ಕ್ರೆಡಿಟ್‌ನ ಲ್ಯಾಬ್‌ನಲ್ಲಿ 10 ಬಂದರೆ ಸರಾಸರಿ 8 ಅಲ್ಲ. 24 ಮತ್ತು 10 ಸೇರಿ 34, ಅದನ್ನು 5ರಿಂದ ಭಾಗಿಸಿದರೆ 6.8. ಲ್ಯಾಬ್‌ನ ಹತ್ತು ನೋಡಿ ಖುಷಿಪಟ್ಟು ದೊಡ್ಡ ವಿಷಯವನ್ನು ಬಿಟ್ಟವರಿಗೆ ಫಲಿತಾಂಶದ ದಿನ ಬೇಜಾರಾಗುತ್ತದೆ.

ಆ ಬೆಳೆಗಾರರ ಮಗಳು ಆಗಷ್ಟೇ ಸಿಇಟಿ ಬರೆದಿದ್ದಳು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿಗೆ ಅರ್ಧ ತೂಕ. ಸಿಇಟಿಯಲ್ಲಿ ಈ ಮೂರಕ್ಕೆ ಒಟ್ಟು 180 ಅಂಕ. ಎರಡರ ಅಂಕಗಳನ್ನು ಸುಮ್ನೆ ಕೂಡಿಬಿಡಬಾರದು. ಮೊದಲು ಎರಡನ್ನೂ ಶೇಕಡಾಕ್ಕೆ ತರಬೇಕು. ಪಿಯುಸಿಯಲ್ಲಿ ಶೇ 95, ಸಿಇಟಿಯಲ್ಲಿ 180ಕ್ಕೆ 90 ಬಂದರೆ, 95 ಮತ್ತು 50 ಕೂಡಿ ಬಂದದ್ದರ ಅರ್ಧ, ಅಂದರೆ 72.5. ಸಿಇಟಿಯ ಒಂದೇ ಒಂದು ಅಂಕ ಈ ಲೆಕ್ಕದಲ್ಲಿ ಸುಮಾರು 0.28 ಆಗುತ್ತದೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂತು, ಇನ್ನು ಪರವಾಗಿಲ್ಲ ಅಂತ ಸಿಇಟಿಯನ್ನು ಹಗುರವಾಗಿ ತೆಗೆದುಕೊಳ್ಳುವ ಮಕ್ಕಳಿಗೆ ನಾನು ತೋರಿಸುವುದು ಇದನ್ನೇ.

ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳಿಗೆ 5,000 ಹಾಕುವವರಿಗೂ ಒಂದು ಮಾತು. ಒಂದು ತಿಂಗಳು ಯೂನಿಟ್‌ಗೆ 50 ರೂಪಾಯಿ, ಮುಂದಿನ ತಿಂಗಳು 40. ನಿಮಗೆ ಬಿದ್ದ ಬೆಲೆ 45 ಅಲ್ಲ. ಮೊದಲು 100 ಯೂನಿಟ್ ಬಂತು, ಆಮೇಲೆ 125. 10,000ವನ್ನು 225ರಿಂದ ಭಾಗಿಸಿದರೆ 44.44. ಅಗ್ಗವಾದ ತಿಂಗಳಲ್ಲಿ ಯೂನಿಟ್ ಜಾಸ್ತಿ ಬರುವುದರಿಂದ ಸರಾಸರಿ ಆ ಕಡೆಗೆ ವಾಲುತ್ತದೆ. ಆದರೆ ತೆರಿಗೆ ಲೆಕ್ಕಕ್ಕೆ ಈ ಸರಾಸರಿಯನ್ನು ತರಬೇಡಿ. ಡಿಮ್ಯಾಟ್‌ನಲ್ಲಿ, ಅಂದರೆ ಕಂಪ್ಯೂಟರ್ ಖಾತೆಯಲ್ಲಿ ಇರುವ ಷೇರು, ಯೂನಿಟ್‌ಗಳಿಗೆ ಮೊದಲು ಕೊಂಡದ್ದು ಮೊದಲು ಮಾರಾಟವಾಯಿತು ಅನ್ನುವ ನಿಯಮವೇ ನಡೆಯುತ್ತದೆ. ಸರಾಸರಿ ಬೆಲೆ ಹಿಡಿದು ಲಾಭ ಬರೆದುಕೊಂಡು ಬಂದವರ ಲೆಕ್ಕವನ್ನು ನಾನು ಎಷ್ಟೋ ಸಲ ಮೊದಲಿಂದ ಮಾಡಿದ್ದೇನೆ.

ನನಗೆ ನಿಜವಾಗಿ ಸಂಕಟವಾಗುವುದು ಸಾಲದ ವಿಷಯದಲ್ಲಿ. ಅದೇ ಬೆಳೆಗಾರರು ಜೇಬಿನಿಂದ ಇನ್ನೊಂದು ಹಾಳೆ ತೆಗೆದರು. ಯಾರೋ ಏಜೆಂಟ್ ಬರೆದುಕೊಟ್ಟಿದ್ದು. ಇವರಿಗೆ ಮೂರು ಸಾಲ ಇತ್ತು. ಮನೆ ಸಾಲ 12 ಲಕ್ಷ ಶೇ 8.5ಕ್ಕೆ, ಚಿನ್ನದ ಸಾಲ 2 ಲಕ್ಷ ಶೇ 9ಕ್ಕೆ, ಕೈಸಾಲ 1 ಲಕ್ಷ ಶೇ 16ಕ್ಕೆ. ಹಾಳೆಯಲ್ಲಿ ಮೂರೂ ಬಡ್ಡಿ ಕೂಡಿ ಮೂರರಿಂದ ಭಾಗಿಸಿ "ಸರಾಸರಿ ಶೇ 11.17" ಅಂತ ಬರೆದಿತ್ತು. ಎಲ್ಲ ತೀರಿಸಿ ಒಂದೇ ಸಾಲ ಮಾಡಿಕೊಳ್ಳಿ, ಶೇ 10.5ಕ್ಕೆ ಕೊಡಿಸುತ್ತೇವೆ, ನಿಮಗೇ ಲಾಭ ಅಂತ ಕೆಳಗೆ ಒಂದು ಸಾಲು.

ಇಲ್ಲಿ ತೂಕ ಅಂದರೆ ಬಾಕಿ ಇರುವ ಸಾಲ. ಮೊದಲು ತೆಗೆದುಕೊಂಡ ಮೊತ್ತವಲ್ಲ, ಇವತ್ತಿನ ಬಾಕಿ. ವರ್ಷದ ಬಡ್ಡಿ ಮನೆ ಸಾಲಕ್ಕೆ 1,02,000, ಚಿನ್ನದ್ದಕ್ಕೆ 18,000, ಕೈಸಾಲಕ್ಕೆ 16,000. ಒಟ್ಟು 1,36,000. ಅದು 15 ಲಕ್ಷದ ಮೇಲೆ ಶೇ 9.07 ಮಾತ್ರ. ಏಜೆಂಟ್ ಹೇಳಿದ ಹಾಗೆ ಶೇ 10.5ಕ್ಕೆ ಹೋದರೆ ವರ್ಷದ ಬಡ್ಡಿ 1,57,500. ಲಾಭ ಎಲ್ಲಿಂದ ಬರುತ್ತೆ? 21,500 ರೂಪಾಯಿ ಜಾಸ್ತಿ ಕಟ್ಟಬೇಕು. 1 ಲಕ್ಷದ ಕೈಸಾಲಕ್ಕೂ 12 ಲಕ್ಷದ ಮನೆ ಸಾಲಕ್ಕೂ ಒಂದೇ ತೂಕ ಕೊಟ್ಟಿದ್ದರಿಂದ ಆದ ಅನಾಹುತ ಇದು.

ಅವರು ಹಾಳೆಯನ್ನು ಮಡಚಿ, "ಹಾಗಾದರೆ ನಾನೇನು ಮಾಡಲಿ?" ಅಂದರು. ಅಡಿಕೆ ದುಡ್ಡಿನಲ್ಲಿ ಮೊದಲು ಆ ಕೈಸಾಲ ತೀರಿಸಿ ಅಂದೆ. ಮುಂದಿನ ವಾರ ತೀರಿಸಿ ಬಂದರು. ಉಳಿದ 14 ಲಕ್ಷಕ್ಕೆ ಮತ್ತೆ ಲೆಕ್ಕ ಹಾಕಿದೆವು. ಬಡ್ಡಿ 1,20,000, ಸರಾಸರಿ ಶೇ 8.57. ಈ ಸಲ ಕೊನೆಯ ಭಾಗಾಕಾರ ಮಾಡಿದ್ದು ಅವರ ಮಗಳು. ಅವರು ಪಕ್ಕದಲ್ಲಿ ಕೂತು ಕೊನೆಗೌಡರಿಗೆ ಫೋನ್ ಮಾಡುತ್ತಿದ್ದರು, ಮುಂದಿನ ಕೊಯ್ಲಿನ ದಿನ ಈಗಲೇ ಹಿಡಿದಿಡಲು.