ಜೂನ್ 30ರೊಳಗೆ ಊರ ಹುಡುಗನನ್ನು ಮಾರಬೇಕು

2021ರ ಅಕ್ಟೋಬರ್‌ನಲ್ಲಿ ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿಯ ನೇತೃತ್ವದ ಗುಂಪು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ನ್ಯೂಕ್ಯಾಸಲ್ ಯುನೈಟೆಡನ್ನು ಸುಮಾರು 30.5 ಕೋಟಿ ಪೌಂಡಿಗೆ ಕೊಂಡಾಗ, ಅದರ ಕ್ರೀಡಾಂಗಣ ಸೇಂಟ್ ಜೇಮ್ಸ್ ಪಾರ್ಕ್ ಎದುರು ಅಭಿಮಾನಿಗಳು ಕುಣಿದಿದ್ದರು. ಹಳೆಯ ಮಾಲೀಕ ಮೈಕ್ ಆಶ್ಲಿಯ 14 ವರ್ಷಗಳ ಬಿಗಿಮುಷ್ಟಿಯ ಕಾಲ ಮುಗಿಯಿತು, ಇನ್ನೇನಿದ್ದರೂ ಕೇಳಿದ ಆಟಗಾರ ಬರುತ್ತಾನೆ ಎಂದುಕೊಂಡರು. ಮೂರು ವರ್ಷ ತುಂಬುವ ಮೊದಲೇ, 2024ರ ಜೂನ್ ಕೊನೆಯಲ್ಲಿ, ಬಾಲ್ಯದಿಂದ ಅಲ್ಲೇ ಆಡಿ ಬೆಳೆದ ಎಲಿಯಟ್ ಆಂಡರ್ಸನ್ ಸುಮಾರು 3.5 ಕೋಟಿ ಪೌಂಡಿಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಪಾಲಾದ. ಮಾಲೀಕರ ಬಳಿ ದುಡ್ಡಿಗೇನೂ ಬರವಿರಲಿಲ್ಲ. ಅದನ್ನು ಸುರಿಯಲು ನಿಯಮ ಬಿಡುತ್ತಿರಲಿಲ್ಲ, ಅಷ್ಟೆ.

ಆ ನಿಯಮ ಹುಟ್ಟಿದ್ದು ಕ್ಲಬ್‌ಗಳನ್ನು ಉಳಿಸಲಿಕ್ಕೆ. 2008ರಲ್ಲಿ ಎಫ್‌ಎ ಕಪ್ ಗೆದ್ದ ಪೋರ್ಟ್ಸ್‌ಮತ್, ಸಂಬಳದ ಭಾರ ತಾಳಲಾರದೆ 2010ರ ಫೆಬ್ರವರಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಬಿತ್ತು. ಒಂಬತ್ತು ಅಂಕ ಕಳೆದುಕೊಂಡು ಕೆಳಗಿನ ಲೀಗ್‌ಗೂ ಇಳಿಯಿತು. 2013-14ರಿಂದ ಅಲ್ಲಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್ ನಷ್ಟಕ್ಕೊಂದು ಮಿತಿ ಹಾಕಿತು: ಮೂರು ವರ್ಷಕ್ಕೆ 10.5 ಕೋಟಿ ಪೌಂಡ್. ಅದರಲ್ಲಿ 1.5 ಕೋಟಿ ಮೀರಿದ ನಷ್ಟವನ್ನು ಮಾಲೀಕರು ಸಾಲವಾಗಿ ಅಲ್ಲ, ಬಂಡವಾಳವಾಗಿ ತುಂಬಿಕೊಡಬೇಕು. ಯುವ ಅಕಾಡೆಮಿ, ಮಹಿಳಾ ತಂಡ, ಕ್ರೀಡಾಂಗಣದ ಖರ್ಚು ಈ ಲೆಕ್ಕಕ್ಕೆ ಬರುವುದಿಲ್ಲ. ಗ್ಯಾಲರಿಯಲ್ಲಿ ಕೂತವರಿಗೆ ಮಾಲೀಕನ ಜೇಬು ಕಾಣುತ್ತದೆ, ಲೀಗ್ ನೋಡುವುದು ಕ್ಲಬ್‌ನ ಸ್ವಂತ ಆದಾಯವನ್ನು.

ಲೆಕ್ಕದ ಕಗ್ಗಂಟು ಇರುವುದು ವರ್ಗಾವಣೆಯಲ್ಲಿ. 5 ಕೋಟಿಗೆ ಐದು ವರ್ಷದ ಕರಾರಿನ ಮೇಲೆ ಕೊಂಡ ಆಟಗಾರ ಪುಸ್ತಕದಲ್ಲಿ ವರ್ಷಕ್ಕೆ 1 ಕೋಟಿಯಂತೆ ಸವೆಯುತ್ತಾನೆ, ಲಾರಿ ಕೊಂಡವರು ಸವಕಳಿ ತೋರಿಸುವ ಹಾಗೆ. ಎರಡು ವರ್ಷದ ಬಳಿಕ ಅವನ ಪುಸ್ತಕ ಬೆಲೆ 3 ಕೋಟಿ. 3.5 ಕೋಟಿಗೆ ಮಾರಿದರೆ ಲಾಭ ಬರೀ 50 ಲಕ್ಷ. ದುಡ್ಡು ಕೊಟ್ಟು ಕೊಂಡವನಲ್ಲದ ಅಕಾಡೆಮಿಯ ಹುಡುಗನ ಪುಸ್ತಕ ಬೆಲೆ ಮಾತ್ರ ಸೊನ್ನೆ. ಅದೇ 3.5 ಕೋಟಿಗೆ ಮಾರಿದರೆ ಹೆಚ್ಚೂಕಡಿಮೆ ಅಷ್ಟೂ ಲಾಭ, ಅದೂ ಒಂದೇ ವರ್ಷದ ಖಾತೆಯಲ್ಲಿ. ಹಾಗಾಗಿ ಅಭಿಮಾನಿಗಳು ‘ನಮ್ಮವನು’ ಎನ್ನುವ ಹುಡುಗನ ಹೆಸರೇ ಮಾರಾಟದ ಪಟ್ಟಿಯಲ್ಲಿ ಮೊದಲು ಬರುತ್ತದೆ. ಆಂಡರ್ಸನ್ ಹೋದ ಹೊತ್ತಿಗೇ ಫಾರೆಸ್ಟ್‌ನಿಂದ ಗೋಲ್‌ಕೀಪರ್ ವ್ಲಾಹೋಡಿಮೊಸ್ ನ್ಯೂಕ್ಯಾಸಲ್‌ಗೆ ಬಂದು, ಮುಂದಿನ ಋತುವನ್ನು ಬಹುಪಾಲು ಬೆಂಚಿನಲ್ಲೇ ಕಳೆದ. ಎರಡೂ ಕಡೆಯವರು ಮಾರಾಟದ ಲಾಭವನ್ನು ಅದೇ ವರ್ಷಕ್ಕೆ ಬರೆದುಕೊಂಡು, ಖರೀದಿಯ ಖರ್ಚನ್ನು ಮುಂದಿನ ವರ್ಷಗಳಿಗೆ ಹಂಚಬಹುದಿತ್ತು.

ಖಾತೆ ವರ್ಷ ಮುಗಿಯುವ ಜೂನ್ 30ರ ಗಡುವು ತಪ್ಪಿದರೆ ಏನಾಗುತ್ತದೆಂದು ಫಾರೆಸ್ಟ್‌ಗೆ ಚೆನ್ನಾಗಿ ಗೊತ್ತಿತ್ತು. 2023ರಲ್ಲಿ ತನ್ನ ಅಕಾಡೆಮಿಯ ಬ್ರೆನನ್ ಜಾನ್ಸನ್‌ನನ್ನು ಜೂನ್ 30ಕ್ಕೆ ಮೊದಲು ಕಡಿಮೆ ಬೆಲೆಗೆ ಬಿಡದೆ, ಸೆಪ್ಟೆಂಬರ್ 1ರಂದು ಸುಮಾರು 4.75 ಕೋಟಿಗೆ ಟಾಟನ್‌ಹ್ಯಾಮ್‌ಗೆ ಮಾರಿತು. ವ್ಯಾಪಾರದ ದೃಷ್ಟಿಯಲ್ಲಿ ಜಾಣತನವೇ. ಆದರೆ ಖಾತೆ ವರ್ಷ ಮುಗಿದಿತ್ತು. ಕೆಳಗಿನ ಲೀಗ್‌ನಿಂದ ಆಗಷ್ಟೇ ಮೇಲೆ ಬಂದ ಕ್ಲಬ್ ಆದ್ದರಿಂದ ಅದಕ್ಕಿದ್ದ ಮಿತಿ 6.1 ಕೋಟಿ, ಅದನ್ನು 3.45 ಕೋಟಿಯಷ್ಟು ಮೀರಿತ್ತು. ಕಾದು ಮಾರಿದ್ದೇ ಲಾಭ ಎಂಬ ವಾದವನ್ನು ವಿಚಾರಣೆ ನಡೆಸಿದ ಆಯೋಗ ಒಪ್ಪದೆ ನಾಲ್ಕು ಅಂಕ ಕಡಿತ ಮಾಡಿತು. 1.95 ಕೋಟಿ ಮೀರಿದ್ದಕ್ಕೆ ಎವರ್ಟನ್ 2023ರ ನವೆಂಬರ್‌ನಲ್ಲಿ ಹತ್ತು ಅಂಕ ಕಳೆದುಕೊಂಡಿತ್ತು. ಮೇಲ್ಮನವಿಯಲ್ಲಿ ಅದು ಆರಕ್ಕಿಳಿಯಿತು.

ಚೆಲ್ಸಿ ಬೇರೆ ದಾರಿ ಹಿಡಿಯಿತು. ಕರಾರನ್ನು ಎಂಟೂವರೆ ವರ್ಷಕ್ಕೆ ಎಳೆದು ವಾರ್ಷಿಕ ಸವಕಳಿಯನ್ನು ತೆಳುಮಾಡಿತು. 2023ರಲ್ಲಿ ಆ ಹಂಚಿಕೆಗೆ ಐದು ವರ್ಷದ ಮಿತಿ ಬಂತು. ಕ್ರೀಡಾಂಗಣದ ಪಕ್ಕದ ಎರಡು ಹೋಟೆಲ್‌ಗಳನ್ನು 7.65 ಕೋಟಿಗೆ ತನ್ನದೇ ಸೋದರ ಕಂಪನಿಗೆ ಮಾರಿತು, ಪ್ರೀಮಿಯರ್ ಲೀಗ್ ಅದನ್ನೂ ಒಪ್ಪಿತು. ಅಕ್ಷರಕ್ಕೆ ಕಾನೂನುಬದ್ಧ, ಹೋಟೆಲಿಲ್ಲದ ಕ್ಲಬ್‌ಗೆ ಉಳಿಯುವುದು ಹುಡುಗರು ಮಾತ್ರ.

2026-27ರಿಂದ ಈ ಪದ್ಧತಿಯ ಬದಲು, ತಂಡದ ಖರ್ಚು ಆದಾಯದ 85%ರೊಳಗಿರಬೇಕೆಂಬ ನಿಯಮಕ್ಕೆ ಕ್ಲಬ್‌ಗಳು ಮತ ಹಾಕಿವೆ. ಆ ಆದಾಯದ ಲೆಕ್ಕದಲ್ಲೂ ಆಟಗಾರರ ಮಾರಾಟದ ಲಾಭ ಸೇರುತ್ತದೆ, ಅಕಾಡೆಮಿ ಹುಡುಗನ ಪುಸ್ತಕ ಬೆಲೆ ಅಲ್ಲೂ ಸೊನ್ನೆಯೇ.